ಪೆಟ್ರಾ ಮತ್ತು ಹೆಗ್ರಾ: ನಬಾತಿಯರ ಎರಡು ಪಟ್ಟಣಗಳನ್ನು ನೋಡಿಬಂದ ಮೇಲೆ

ಸೌದಿಯ ದಮ್ಮಾಮಿನಲ್ಲಿ ನೌಕರಿಯಲ್ಲಿರುವ ನಮಗೆ ನಾಲ್ಕೈದು ದಿನಗಳ ರಜೆಯಲ್ಲಿ ಊರಿಗೆ ಹೋಗಿಬರುವುದು ಕೈಗೂಡುವುದಿಲ್ಲ. ಅಂಥ ಎರಡು ರಜೆಗಳಲ್ಲಿ, ಒಂದು ಜನವರಿಯಲ್ಲಿ ಮತ್ತು ಇನ್ನೊಂದು ಮರುವರ್ಷದ ಮಾರ್ಚಿನಲ್ಲಿ, ನಾನೂ ನನ್ನ ಹೆಂಡತಿಯೂ ನಬಾತಿಯರ ಎರಡು ಪಾಳು ಪಟ್ಟಣಗಳನ್ನು ನೋಡಿಬಂದೆವು. ಮೊದಲನೆಯದು ಸೌದಿಯಲ್ಲೇ ಅಲ್ ಉಲಾ ಊರಿನಿಂದ ಸುಮಾರು 20 ಕಿ.ಮೀ. ಉತ್ತರಕ್ಕಿರುವ ಹೆಗ್ರಾ, ಎರಡನೆಯದು ಜೋರ್ಡಾನಿನ ಪೆಟ್ರಾ. ಒಂದೇ ಜನ ಒಂದೇ ಕಾಲದಲ್ಲಿ ಒಂದೇ ಬಗೆಯ ಮರಳುಗಲ್ಲಿನಲ್ಲಿ ಕೊರೆದ ಈ ಎರಡರ ನಡುವೆ ಸುಮಾರು 500 ಕಿ.ಮೀ. ಮರುಭೂಮಿ ಇದೆ. ಎರಡನ್ನೂ ನೋಡುವಷ್ಟು ರಜೆಯಾಗಲಿ ಹಣವಾಗಲಿ ಇಲ್ಲದವರು ಯಾವುದನ್ನು ಆರಿಸಿಕೊಳ್ಳಬೇಕು ಎಂದು ಗೆಳೆಯರು ಕೇಳುತ್ತಲೇ ಇರುವುದರಿಂದ, ನಮ್ಮ ಅನುಭವದ ಮಟ್ಟಿಗೆ ಎರಡನ್ನೂ ಇಲ್ಲಿ ತೂಗಿ ನೋಡಿದ್ದೇನೆ.

ದಕ್ಷಿಣ ಅರೇಬಿಯಾದ ಧೂಪ ಮತ್ತು ರಕ್ತಬೋಳವನ್ನು ಒಂಟೆಗಳ ಮೇಲೆ ಹೇರಿ ಮೆಡಿಟರೇನಿಯನ್ ಕರಾವಳಿಗೆ ಸಾಗಿಸುತ್ತಿದ್ದ ಸಾರ್ಥಗಳಿಗೆ ನೀರು, ನೆರಳು ಮತ್ತು ಕಾವಲು ಒದಗಿಸಿ, ಅದಕ್ಕೆ ಸುಂಕ ಪಡೆದು ಸಿರಿವಂತರಾದವರು ನಬಾತಿಯರು. ಕೆಂಪು ಸಮುದ್ರದ ಬಂದರುಗಳಿಗೆ ಬಂದಿಳಿಯುತ್ತಿದ್ದ ಭಾರತದ ಸರಕುಗಳಲ್ಲಿ ಒಂದು ಪಾಲು ಕೂಡ ಅವರ ದಾರಿಯಲ್ಲೇ ಸಾಗುತ್ತಿತ್ತು. ಪೆಟ್ರಾ ಅವರ ರಾಜಧಾನಿ, ಹೆಗ್ರಾ ದಕ್ಷಿಣದ ಗಡಿಯ ಠಾಣೆ. ಕ್ರಿ.ಶ. 106ರಲ್ಲಿ ರೋಮ್ ಚಕ್ರವರ್ತಿ ಟ್ರಾಜನ್ ಇಡೀ ರಾಜ್ಯವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ನಾವು ಹೋದಾಗ ಹೆಗ್ರಾದ ಬಸ್ ಪ್ರವಾಸಕ್ಕೆ ತಲಾ 95 ರಿಯಾಲ್ ಇತ್ತು. ಪೆಟ್ರಾದಲ್ಲಿ, ಜೋರ್ಡಾನಿನಲ್ಲಿ ರಾತ್ರಿ ತಂಗುವವರಿಗೆ, ಒಂದು ದಿನದ ಪ್ರವೇಶ ಶುಲ್ಕವೇ 50 ದಿನಾರ್, ಅಂದರೆ ಹತ್ತಿರಹತ್ತಿರ 265 ರಿಯಾಲ್. ಎರಡನೆಯ ದಿನಕ್ಕೆ ಐದೇ ದಿನಾರ್ ಹೆಚ್ಚು ಕೊಟ್ಟರೆ ಸಾಕು. ರಾತ್ರಿ ತಂಗದೆ ಅದೇ ದಿನ ಗಡಿ ದಾಟಿ ಮರಳುವವರಿಗೆ 90 ದಿನಾರ್ ಹಾಕುತ್ತಾರೆ. ಮೂರು ರಾತ್ರಿಯಾದರೂ ಅಲ್ಲಿ ಇರುವವರು ಪೆಟ್ರಾದ ಪ್ರವೇಶವೂ ಸೇರಿರುವ ಜೋರ್ಡಾನ್ ಪಾಸ್ ಕೊಂಡರೆ 40 ದಿನಾರಿನ ವೀಸಾ ಶುಲ್ಕ ಉಳಿಯುತ್ತದೆ. ನಾವು 75 ದಿನಾರಿನ, ಪೆಟ್ರಾದಲ್ಲಿ ಎರಡು ದಿನ ಓಡಾಡಬಹುದಾದ ಪಾಸನ್ನು ಕೊಂಡಿದ್ದೆವು. ಆ ಎರಡನೆಯ ದಿನ ಇಲ್ಲದಿದ್ದರೆ ಈ ಬರಹದಲ್ಲಿ ಪೆಟ್ರಾದ ಮೇಲೆ ನನ್ನ ದೂರು ಬಹಳ ಹೆಚ್ಚಾಗಿರುತ್ತಿತ್ತು.

ಹೆಗ್ರಾಕ್ಕೆ ನಮ್ಮಷ್ಟಕ್ಕೆ ನಾವು ಹೋಗುವಂತಿಲ್ಲ. ಮುಂಚಿತವಾಗಿ ಸಮಯ ಕಾದಿರಿಸಿ, ನಿಗದಿತ ಜಾಗದಿಂದ ಬಸ್ಸು ಹತ್ತಿ, 'ರಾವಿ' ಎಂದು ಕರೆಯುವ ಸ್ಥಳೀಯ ಕಥನಕಾರರ ಜೊತೆಯಲ್ಲೇ ಸುತ್ತಬೇಕು. ನಾಲ್ಕು ಕಡೆ ಇಳಿಸುತ್ತಾರೆ, ಪ್ರತಿ ಕಡೆಯೂ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಬಿಟ್ಟು ಮತ್ತೆ ಹತ್ತಿಸಿಕೊಳ್ಳುತ್ತಾರೆ. ಈ ಕಟ್ಟುಪಾಡು ಮೊದಲಿಗೆ ನನಗೆ ಹಿಡಿಸಲಿಲ್ಲ, ಆದರೆ ಅದರ ಫಲವನ್ನು ಕಸ್ರ್ ಅಲ್ ಫರೀದ್ ಎಂಬ ಒಂಟಿ ಗೋರಿಯ ಮುಂದೆ ನಿಂತಾಗ ಕಂಡೆ. ಬಯಲಿನ ನಡುವೆ ಒಂದೇ ಬಂಡೆ, ಅದರಲ್ಲಿ ಸುಮಾರು 22 ಮೀಟರ್ ಎತ್ತರಕ್ಕೆ ಕೊರೆದ ಗೋರಿಯ ಮುಂಭಾಗ, ಸುತ್ತ ಅಂಗಡಿಯಿಲ್ಲ, ಕೂಗಿ ಕರೆಯುವವರಿಲ್ಲ, ನಮ್ಮ ಬಸ್ಸಿನವರನ್ನು ಬಿಟ್ಟರೆ ಜನರೂ ಇಲ್ಲ. ಮೇಲ್ಭಾಗವೆಲ್ಲ ಸವರಿದಂತೆ ನುಣುಪಾಗಿದೆ. ಕೆಳಗಿನ ಪಾಲಿನಲ್ಲಿ ಮಾತ್ರ ಉಳಿಯ ಓರೆಗೆರೆಗಳು, ನಿನ್ನೆ ಸಂಜೆ ಕೆಲಸ ನಿಲ್ಲಿಸಿ ಎದ್ದುಹೋದಂತೆ, ಹಾಗೆಯೇ ಉಳಿದಿವೆ. ಈ ಗೋರಿಗಳನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಿದ್ದರು ಎಂದು ಓದಿ ತಿಳಿಯುವುದು ಬೇರೆ, ಅರ್ಧಕ್ಕೆ ನಿಂತ ಕೆಲಸದಲ್ಲಿ ಅದನ್ನು ಕಣ್ಣಾರೆ ಕಾಣುವುದು ಬೇರೆ.

ಹೆಗ್ರಾದ ಇನ್ನೊಂದು ಹೆಚ್ಚುಗಾರಿಕೆ ಬರಹ. ಇಲ್ಲಿರುವ 111 ದೊಡ್ಡ ಗೋರಿಗಳಲ್ಲಿ 94ಕ್ಕೆ ಅಲಂಕಾರವಿದೆ, ಮೂವತ್ತಕ್ಕೂ ಹೆಚ್ಚು ಬಾಗಿಲುಗಳ ಮೇಲೆ ಶಾಸನಗಳಿವೆ. ಗೋರಿ ಯಾರದು, ಯಾವ ರಾಜನ ಎಷ್ಟನೆಯ ವರ್ಷದಲ್ಲಿ ಆಯಿತು, ಒಳಗೆ ಯಾರನ್ನು ಹೂಳಬಹುದು, ಯಾರಾದರೂ ಅದನ್ನು ಮಾರಿದರೆ ಅಥವಾ ಒತ್ತೆಯಿಟ್ಟರೆ ದುಶಾರ ದೇವರ ಶಾಪವಲ್ಲದೆ ಎಷ್ಟು ದಂಡ ತೆರಬೇಕು ಎಂಬುದನ್ನೆಲ್ಲ ಸ್ವತ್ತಿನ ಪತ್ರದಂತೆ ಕಲ್ಲಿನಲ್ಲೇ ಬರೆಸಿದ್ದಾರೆ. ದಾನಶಾಸನದ ಕೊನೆಯಲ್ಲಿ ಶಾಪವಾಕ್ಯ ಓದಿದ ಅಭ್ಯಾಸವಿರುವ ಕನ್ನಡಿಗರಿಗೆ ಇದು ಪರಕೀಯವೆನಿಸುವುದಿಲ್ಲ. ಹೆಂಗಸರು ತಮ್ಮ ಹೆಸರಿನಲ್ಲೇ ಮಾಡಿಸಿಕೊಂಡ ಗೋರಿಗಳಿವೆ. ಕೆಲವೆಡೆ ಕಲ್ಲುಕುಟಿಗನ ಹೆಸರೂ ಇದೆಯೆಂದು ರಾವಿ ಹೇಳಿದಾಗ, ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರನ್ನು ಹುಡುಕಿದ್ದ ನನ್ನ ಹೆಂಡತಿ ಬಸ್ಸು ಹೊರಡುವವರೆಗೂ ಒಂದೇ ಬಾಗಿಲ ಮುಂದೆ ನಿಂತುಬಿಟ್ಟಳು. ಪೆಟ್ರಾದಲ್ಲಿ ಗೋರಿಗಳು ಇದಕ್ಕಿಂತ ಹಲವು ಪಟ್ಟು ಹೆಚ್ಚಿದ್ದರೂ ಬಹುಪಾಲು ಮೂಕವಾಗಿವೆ. ಸೀಕ್ ಕಮರಿಯ ಕೊನೆಯಲ್ಲಿ ಎಲ್ಲರೂ ಚಿತ್ರ ತೆಗೆಯುವ, ಖಜ್ನೆ ಎಂದು ಕರೆಯುವ ಗೋರಿ ಕೂಡ ನಬಾತಿಯರ ನಾಲ್ಕನೆಯ ಅರೆಟಾಸ್ ರಾಜನದಿರಬೇಕೆಂಬುದು ಊಹೆಯೇ ಹೊರತು ಅದರ ಮೇಲೆ ಬರೆದಿಲ್ಲ.

ಇಷ್ಟಾದರೂ ಹೆಗ್ರಾದಿಂದ ಮರಳುವಾಗ ನಾನೊಂದು ಪಟ್ಟಣವನ್ನು ನೋಡಿದೆ ಎಂದು ಅನಿಸಲಿಲ್ಲ, ಸ್ಮಶಾನವನ್ನು ನೋಡಿದೆ ಎಂದೇ ಅನಿಸಿತು. ಜನ ಬದುಕಿದ ಮನೆಗಳು ಹಸಿ ಇಟ್ಟಿಗೆಯವು. ಅವು ಬಯಲಿನ ನಡುವೆ ಮಣ್ಣಿನಡಿ ಇವೆ, ಬಸ್ಸು ಆ ಜಾಗವನ್ನು ದೂರದಿಂದ ಬಳಸಿ ಹೋಗುತ್ತದೆ. ಒಂಟೆಗಳು ನಡೆದ ನೆಲವನ್ನು ಹವಾನಿಯಂತ್ರಿತ ಗಾಜಿನ ಹಿಂದೆ ಕುಳಿತು ದಾಟಿದರೆ ದೂರದ ಅಳತೆಯೂ ಮೈಗೆ ಸಿಗುವುದಿಲ್ಲ.

ಪೆಟ್ರಾದಲ್ಲಿ ಅದು ಮೊದಲ ಅರ್ಧ ಗಂಟೆಯಲ್ಲೇ ಸಿಗುತ್ತದೆ. ಬಾಗಿಲಿನಿಂದ ಇಳಿದು, ಸೀಕ್ ಎಂಬ ಸುಮಾರು 1.2 ಕಿ.ಮೀ. ಉದ್ದದ ಇಕ್ಕಟ್ಟಾದ ಕಮರಿಯೊಳಗೆ ನಡೆಯುವಾಗ ಎಡಬಲದ ಗೋಡೆಗಳಲ್ಲಿ ಸೊಂಟದೆತ್ತರಕ್ಕೆ ಕೊರೆದ ನೀರಿನ ಕಾಲುವೆ ಜೊತೆಯಲ್ಲೇ ಬರುತ್ತದೆ. ಮಳೆಯ ನೀರು ಕಮರಿಗೆ ನುಗ್ಗದಂತೆ ಬಾಯಲ್ಲೇ ಒಡ್ಡು ಕಟ್ಟಿ ಸುರಂಗದ ಮೂಲಕ ತಿರುಗಿಸಿದ್ದಾರೆ. ಆ ಹಳೆಯ ವ್ಯವಸ್ಥೆ ಕೆಟ್ಟುಹೋಗಿದ್ದ 1963ರಲ್ಲಿ ಇದೇ ಕಮರಿಯಲ್ಲಿ ಫ್ರೆಂಚ್ ಪ್ರವಾಸಿಗರ ತಂಡವೊಂದು ಪ್ರವಾಹಕ್ಕೆ ಸಿಕ್ಕಿತ್ತು, ಬಳಿಕ ಒಡ್ಡನ್ನು ಮತ್ತೆ ಕಟ್ಟಿದರು. ದಾರಿಯ ನಡುವೆ ಗೋಡೆಯಲ್ಲಿ ಆಳೆತ್ತರದ ಒಂಟೆಸಾಲಿನ ಕೆತ್ತನೆಯಿದೆ. ಮೇಲ್ಭಾಗ ಸವೆದುಹೋಗಿ ಒಂಟೆಯ ಪಾದಗಳು, ಹೊಟ್ಟೆಯ ಬಾಗು, ಹಗ್ಗ ಹಿಡಿದವನ ನಿಲುವಂಗಿಯ ಅಂಚು ಮತ್ತು ಕಾಲುಗಳಷ್ಟೇ ಉಳಿದಿವೆ. ಅವರು ಹೋಗುತ್ತಿರುವ ದಿಕ್ಕಿಗೇ ನಾವೂ ಹೋಗುತ್ತಿದ್ದೆವು.

ಖಜ್ನೆಯನ್ನು ದಾಟಿದ ಮೇಲೆಯೇ ಪೆಟ್ರಾದ ಹೊಟ್ಟೆ ತೆರೆದುಕೊಳ್ಳುತ್ತದೆ. ಹಳೆಯ ಗೋರಿಗಳನ್ನೇ ಕಡಿದು ಮಾಡಿದ ಬಯಲು ರಂಗಮಂದಿರ, ಕಂಬಗಳ ಸಾಲುಬೀದಿ, ಕಸ್ರ್ ಅಲ್ ಬಿಂತ್ ದೇವಾಲಯ, ನೆಲದ ಚಿತ್ರಗಳು ಉಳಿದಿರುವ ಬೈಜಾಂಟೈನ್ ಚರ್ಚು, ಇವುಗಳ ನಡುವೆ ನಡೆದರೆ ಪೇಟೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು, ದೇವರ ಮೆರವಣಿಗೆ ಎಲ್ಲಿಗೆ ಹೋಗುತ್ತಿತ್ತು ಎಂಬುದು ತಾನಾಗಿ ಹೊಂದಿಕೊಳ್ಳುತ್ತದೆ. 363ರ ಭೂಕಂಪದಲ್ಲಿ ಬಹಳಷ್ಟು ಕುಸಿದಿದೆ, ಆದರೂ ಉಳಿದದ್ದು ಊರಿನಂತೆಯೇ ಕಾಣುತ್ತದೆ.

ಕಿರಿಕಿರಿಯೂ ಪೆಟ್ರಾದಲ್ಲೇ ಹೆಚ್ಚು. ಟಿಕೆಟ್ಟಿನಲ್ಲೇ ಸೇರಿದೆಯೆಂದು ಹೇಳಿ ನಮ್ಮನ್ನು ಸೀಕ್‌ನ ಬಾಯವರೆಗೆ ಕುದುರೆಯ ಮೇಲೆ ಕರೆದೊಯ್ದವನು ಇಳಿದ ಮೇಲೆ ಭಕ್ಷೀಸಿಗಾಗಿ ಹತ್ತು ನಿಮಿಷ ವಾದ ಮಾಡಿದ. ಹತ್ತು ಗಂಟೆಯ ಬಳಿಕ ಖಜ್ನೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಕತ್ತೆಗಳನ್ನು ಮೆಟ್ಟಿಲ ಮೇಲೆ ಹತ್ತಿಸುವ ರೀತಿ ನೋಡಲು ಸಂಕಟವಾಯಿತು.

ಮಂಡಿನೋವಿರುವ ಹಿರಿಯರ ಜೊತೆ ಹೋಗುವವರಿಗೂ ಒಂದೇ ದಿನ ಬಿಡುವಿರುವವರಿಗೂ ನಾನು ಹೆಗ್ರಾವನ್ನೇ ಹೇಳುತ್ತೇನೆ. ಉಳಿದವರಿಗೆ ಪೆಟ್ರಾ, ಆದರೆ ಎರಡು ದಿನಕ್ಕೆ. ಮೊದಲ ದಿನ ಬಾಗಿಲು ತೆರೆಯುವ ಆರು ಗಂಟೆಗೇ ಸೀಕ್‌ನೊಳಗೆ ಇರಬೇಕು. ಎರಡನೆಯ ದಿನ, ಟಿಕೆಟ್ಟನ್ನು ಮುಖ್ಯ ಬಾಗಿಲಿನಲ್ಲಿ ಪಡೆದುಕೊಂಡು, ಪುಟ್ಟ ಪೆಟ್ರಾ ಎಂಬ ಹತ್ತಿರದ ಇನ್ನೊಂದು ನಬಾತಿಯ ತಾಣದ ಕಡೆಯ ಬೆಟ್ಟದಂಚಿನ ಕಾಲುದಾರಿಯಲ್ಲಿ ಹೋಗಿ, ಬೆಟ್ಟದ ಮೇಲೆ ಬಂಡೆಯಲ್ಲಿ ಕೊರೆದ ಅದ್ ದೈರ್ ಎಂಬ ದೊಡ್ಡ ಕಟ್ಟಡವನ್ನು ಹಿಂಬದಿಯಿಂದ ಸೇರಬೇಕು. ಹೀಗೆ ಹೋದರೆ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವ ಬದಲು ಇಳಿಯುತ್ತೀರಿ. ನಾವು ತಲುಪಿದಾಗ ಅದರೆದುರಿನ ಚಹಾದಂಗಡಿಯವನು ಒಲೆ ಹೊತ್ತಿಸುತ್ತಿದ್ದ, ಕೆಳಗಿನಿಂದ ಹತ್ತಿ ಬರುವ ಮೊದಲ ತಂಡದ ಸುಳಿವು ಇನ್ನೂ ಇರಲಿಲ್ಲ.