ಸಿಖ್ ಮಿಸ್ಲ್‌ಗಳ ಗೋಡೆನಕ್ಷೆ: ಕೊಳ್ಳಿ, ಆದರೆ ಇಸವಿ ಬರೆದುಕೊಳ್ಳಿ

ಮಿಸ್ಲ್ ಎಂದರೆ ಹದಿನೆಂಟನೇ ಶತಮಾನದ ಪಂಜಾಬಿನಲ್ಲಿ ಸಿಖ್ ಸರದಾರರು ಕಟ್ಟಿದ ಪಡೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ 350 ರೂಪಾಯಿಗೆ ಸಿಗುವ ಈ ನಕ್ಷೆ, ಮಹಾರಾಜ ರಣಜಿತ್ ಸಿಂಗ್‌ಗಿಂತ ಹಿಂದಿನ ಪಂಜಾಬನ್ನು ಓದುವವರಿಗೆ ಖಂಡಿತ ಕೆಲಸಕ್ಕೆ ಬರುತ್ತದೆ. ಸುಮಾರು ಮೂರು ಅಡಿ ಅಗಲ, ಗಟ್ಟಿ ಲ್ಯಾಮಿನೇಷನ್. ಟ್ಯೂಬ್‌ಲೈಟ್ ಎದುರಿಗೆ ಹಾಕಬೇಡಿ, ಹೊಳಪಿಗೆ ಸಣ್ಣಕ್ಷರ ಕಾಣುವುದಿಲ್ಲ.

ನದಿಗಳನ್ನು ಚೆನ್ನಾಗಿ ತೋರಿಸಿದ್ದಾರೆ. ಬಿಯಾಸ್, ರಾವಿ ನಡುವಿನ ಬಾರಿ ದೋಆಬ್‌ನಲ್ಲಿ ಅಮೃತಸರ, ಲಾಹೋರ್, ಬಟಾಲಾ; ರಾವಿ, ಚೇನಾಬ್ ನಡುವೆ ರಣಜಿತ್ ಸಿಂಗ್‌ನ ಮಿಸ್ಲ್ ಆದ ಸುಕರ್‌ಚಕಿಯಾಗಳ ಗುಜ್ರಾನ್‌ವಾಲಾ. ಯಾರಿಗೆ ಯಾರು ನೆರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಎಡವಿರುವುದು ಗಡಿಗಳಲ್ಲಿ. ಹನ್ನೆರಡು ಮಿಸ್ಲ್‌ಗಳಿಗೂ ಒಂದೊಂದು ಬಣ್ಣ, ಸುತ್ತ ಕಪ್ಪು ಗೆರೆ. ಯಾವ ಇಸವಿಯ ಚಿತ್ರ ಎಂದು ಎಲ್ಲೂ ಬರೆದಿಲ್ಲ. ಮಿಸ್ಲ್ ಮೊದಲಿಗೆ ಸವಾರರ ಪಡೆ, ನೆಲ ಬಂದದ್ದು ಆಮೇಲೆ. 1748ರಲ್ಲಿ ಅಮೃತಸರದಲ್ಲಿ ಈ ಪಡೆಗಳು ಜಸ್ಸಾ ಸಿಂಗ್ ಆಹ್ಲುವಾಲಿಯಾ ನಾಯಕತ್ವದಲ್ಲಿ ದಳ ಖಾಲ್ಸಾ ಎಂಬ ಒಟ್ಟು ಸೇನೆಯಾಗಿ ಒಗ್ಗೂಡಿದವು. ಹಳ್ಳಿಗಳನ್ನು ಲೂಟಿಯಿಂದ ಕಾಯುವುದಕ್ಕೆ ಪ್ರತಿಯಾಗಿ ರಾಖಿ ಪಡೆಯುತ್ತಿದ್ದರು: ಕಂದಾಯದ ಐದನೇ ಒಂದು ಪಾಲು, ರಬಿ ಮತ್ತು ಖಾರಿಫ್ ಕೊಯ್ಲಿಗೆ ಒಂದೊಂದು ಕಂತು. ಹಾಗೆ ರಾಖಿ ಕೊಡುವ ಹಳ್ಳಿಗಳೆಲ್ಲ ಒತ್ತಾಗಿ ಒಂದೇ ಕಡೆ ಇರಬೇಕೆಂದೇನೂ ಇರಲಿಲ್ಲ. ಇದನ್ನು ನಮ್ಮ ಪಾಳೆಯಪಟ್ಟುಗಳ ಹಾಗೆ ಓದಬಾರದು. ಪಾಳೆಯಗಾರ ಸಾಮಾನ್ಯವಾಗಿ ಒಬ್ಬ ದೊರೆಗೆ ಕಪ್ಪ ಕಟ್ಟುತ್ತಿದ್ದ; ಮಿಸ್ಲ್‌ದಾರನ ಮೇಲೆ ದೊರೆಯಿಲ್ಲ, ವೈಶಾಖಿಗೂ ದೀಪಾವಳಿಗೂ ಅಮೃತಸರದಲ್ಲಿ ಸೇರುವ ಸರ್ಬತ್ ಖಾಲ್ಸಾ ಎಂಬ ಸಿಖ್ಖರ ಮಹಾಸಭೆಯ ತೀರ್ಮಾನ, ಅಂದರೆ ಗುರ್ಮತಾ, ಅಷ್ಟೇ.

ಲಾಹೋರ್‌ಗೆ ಒಂದೇ ಬಣ್ಣ ಬಳಿದಿರುವುದು ಕ್ಷಮಿಸಲಾಗದ ತಪ್ಪು. 1765ರಲ್ಲಿ ಅದನ್ನು ಗೆದ್ದ ಭಂಗಿ ಮಿಸ್ಲ್‌ನ ಲೆಹ್ನಾ ಸಿಂಗ್, ಗುಜ್ಜರ್ ಸಿಂಗ್ ಮತ್ತು ಕನ್ಹಯ್ಯಾ ಮಿಸ್ಲ್‌ನ ಸೋಭಾ ಸಿಂಗ್ ಊರನ್ನೇ ಮೂರು ಪಾಲು ಮಾಡಿಕೊಂಡಿದ್ದರು. ಪಟಿಯಾಲಾ, ನಾಭಾ, ಜಿಂದ್‌ಗಳ ಫುಲ್ಕಿಯಾ ಮಿಸ್ಲ್ ದಳ ಖಾಲ್ಸಾದ ಹೊರಗಿತ್ತು. ಇಲ್ಲಿ ಒಳಗೆ ಸೇರಿಸಿದ್ದಾರೆ.

ತಿದ್ದಿಕೊಳ್ಳಲು ವೈಟ್‌ಬೋರ್ಡ್ ಮಾರ್ಕರ್ ಸಾಕು, ಒಣಬಟ್ಟೆಯಲ್ಲಿ ಅಳಿಸಿಹೋಗುತ್ತದೆ. ಲಾಹೋರ್ ಮೇಲೆ ಮೂರು ಹೋಳು ಮಾಡಿ 1765 ಎಂದು ಬರೆಯಿರಿ. ಅದನ್ನು ಅಳಿಸಿ 1799 ಹಾಕಿ: ರಣಜಿತ್ ಸಿಂಗ್ ತನ್ನ ಹೆಂಡತಿಯ ತಾಯಿ ಸದಾ ಕೌರ್‌ರ ಕನ್ಹಯ್ಯಾ ಪಡೆಯ ನೆರವಿನಿಂದ ನಗರ ಹಿಡಿದ ವರ್ಷ. ಅಲ್ಲಿಂದ ಒಂದೊಂದೇ ಮಿಸ್ಲ್‌ಗೆ ಸುಕರ್‌ಚಕಿಯಾ ಬಣ್ಣ ಹಚ್ಚುತ್ತಾ ಹೋಗಬಹುದು, ಆದರೆ ಸಟ್ಲೆಜ್ ದಡದಲ್ಲಿ ನಿಲ್ಲಿಸಿ. 1809ರ ಅಮೃತಸರ ಒಪ್ಪಂದದಿಂದ ನದಿಯ ದಕ್ಷಿಣದ ಸಂಸ್ಥಾನಗಳು ಬ್ರಿಟಿಷರ ರಕ್ಷಣೆಯಲ್ಲಿ ಉಳಿದವು. ಆ ಕಡೆಯ ಪಟಿಯಾಲಾದ ಬಣ್ಣ ಮುಟ್ಟಬೇಡಿ.