4800 ಡಿಪಿಐ ಸ್ಕ್ಯಾನರ್ ಜೊತೆ ಆರು ವರ್ಷ: ಕಣ್ಣಿಗೆ ನಿಜವಾಗಿ ಸಿಗುವುದು ಎಷ್ಟು?

ಆರು ವರ್ಷದ ಹಿಂದೆ ಈ ಸ್ಕ್ಯಾನರ್ ಕೊಂಡಾಗ ಪೆಟ್ಟಿಗೆಯ ಮೇಲೆ ದಪ್ಪಗೆ ಅಚ್ಚಾಗಿದ್ದ ‘4800 ಡಿಪಿಐ’ (ಅಂಗುಲಕ್ಕೆ 4800 ಚುಕ್ಕೆ) ನೋಡಿಯೇ ಮನಸ್ಸು ಮಾಡಿದ್ದೆ. ಮನೆಯಲ್ಲಿ ಮೂರು ತಲೆಮಾರಿನ ಫೋಟೊಗಳಿದ್ದವು. ಮಡಚಿ ಮಡಚಿ ಹರಿಯುತ್ತಿದ್ದ ಕಾಗದಗಳಿದ್ದವು. ಹೊಲಿಗೆ ಬಿಟ್ಟ ಹಳೆಯ ಪುಸ್ತಕಗಳಿದ್ದವು. ಒಂದು ಸಲ ಚೆನ್ನಾಗಿ ಸ್ಕ್ಯಾನ್ ಮಾಡಿಟ್ಟರೆ ಇವನ್ನೆಲ್ಲ ಮತ್ತೆ ಮತ್ತೆ ಮುಟ್ಟಬೇಕಾಗಿಲ್ಲ ಅನ್ನುವುದು ನನ್ನ ಲೆಕ್ಕ. ಆ ಕೆಲಸ ಬಹುಪಾಲು ಮುಗಿದಿದೆ. ಈ ಯಂತ್ರ ಎಲ್ಲಿ ಚೆನ್ನ, ಎಲ್ಲಿ ಇಲ್ಲ ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತು.

ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಬಗೆಯ ಎಲ್ಲ ಸ್ಕ್ಯಾನರ್‌ಗಳಿಗೂ ಹೊಂದುತ್ತದೆ.

ಇದು ಸಿಸಿಡಿ ಎಂಬ ಸೆನ್ಸರ್ ಇರುವ ಫ್ಲಾಟ್‌ಬೆಡ್, ಅಂದರೆ ಚಪ್ಪಟೆ ಗಾಜಿನ ಮೇಲೆ ಹಾಳೆ ಇಡುವ ಸ್ಕ್ಯಾನರ್. ಗಾಜಿನ ಕೆಳಗೆ ಒಂದು ಗಾಡಿ ಓಡುತ್ತದೆ. ಅದರಲ್ಲಿ ಎಲ್‌ಇಡಿ ದೀಪ, ಕೆಲವು ಕನ್ನಡಿಗಳು, ಒಂದು ಪುಟ್ಟ ಲೆನ್ಸ್, ಅದರ ಹಿಂದೆ ಬೆಳಕನ್ನು ಅಳೆಯುವ ಸೆನ್ಸರ್. 21 ಸೆಂಟಿಮೀಟರ್ ಅಗಲದ ಹಾಳೆಯನ್ನು ಲೆನ್ಸ್ ಕೆಲವೇ ಸೆಂಟಿಮೀಟರ್ ಉದ್ದದ ಸೆನ್ಸರ್ ಮೇಲೆ ಕುಗ್ಗಿಸಿ ಕೂರಿಸಬೇಕು. ಹಾಗೆ ಕುಗ್ಗಿಸಲು ಲೆನ್ಸ್ ಹಾಳೆಯಿಂದ ಸಾಕಷ್ಟು ದೂರ ಇರಬೇಕು. ಚಪ್ಪಟೆ ಪೆಟ್ಟಿಗೆಯಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ಅದಕ್ಕೇ ಕನ್ನಡಿಗಳು. ಬೆಳಕಿನ ದಾರಿಯನ್ನು ಅವು ಮಡಚಿ ಮಡಚಿ ಒಳಗೆ ಹಿಡಿಸುತ್ತವೆ.

ಮೊದಲ ತಿಂಗಳಲ್ಲೇ ಒಂದು ಸಣ್ಣ ಗುಂಪು ಫೋಟೊ ತೆಗೆದುಕೊಂಡು ಕೂತೆ. 6 ಸೆಂಟಿಮೀಟರ್‌ಗೆ 9 ಸೆಂಟಿಮೀಟರ್. ಹಿಂದಿನ ಗೋಡೆಯ ಮೇಲೆ ಒಂದು ಹಲಗೆ ಇತ್ತು. ಅದರಲ್ಲಿ ಏನು ಬರೆದಿದೆ ಎಂದು ಓದಬೇಕಿತ್ತು. 4800ಕ್ಕೆ ಇಟ್ಟು ಸ್ಕ್ಯಾನ್ ಮಾಡಿದೆ. ಫೈಲ್ ಸುಮಾರು 580 ಎಂಬಿ ಆಯಿತು. ದೊಡ್ಡದು ಮಾಡಿ ನೋಡಿದರೆ ಹಲಗೆಯ ಅಕ್ಷರ ಹಂಜಿಯಂತೆ ಮೆತ್ತಗೆ ಕಂಡಿತು. ಅದೇ ಫೋಟೊವನ್ನು 2400ಕ್ಕೆ ಮಾಡಿದೆ. ಫೈಲ್ ಕಾಲು ಭಾಗಕ್ಕೆ ಇಳಿಯಿತು. ಹಲಗೆ ಮಾತ್ರ ಮೊದಲು ಎಷ್ಟು ಕಂಡಿತ್ತೋ ಅಷ್ಟೇ ಕಂಡಿತು. ಹೆಚ್ಚಿಗೆ ಬಂದ ಪಿಕ್ಸೆಲ್‌ಗಳಲ್ಲಿ ಹೊಸ ವಿವರ ಏನೂ ಇರಲಿಲ್ಲ. ನನಗೆ ತುಂಬಾ ಬೇಸರವಾಗಿದ್ದು ಅವತ್ತೇ.

ಫೋಟೊದಲ್ಲೇ ವಿವರ ಇಲ್ಲವೋ, ಸ್ಕ್ಯಾನರ್ ಹಿಡಿಯುತ್ತಿಲ್ಲವೋ ಎಂದು ತಿಳಿಯಲು ಒಂದು ಅಳತೆ ಬೇಕಲ್ವಾ? ಫೋಟೊ ಕಾಗದದ ಮೇಲೆ ಅಚ್ಚಾದ ಪರೀಕ್ಷಾ ಪಟ ಒಂದನ್ನು ತರಿಸಿದೆ. ಅಮೆರಿಕದ ವಾಯುಪಡೆ 1951ರಲ್ಲಿ ರೂಪಿಸಿದ ಪಟ ಅದು. ಮೂರು ಮೂರು ಗೆರೆಗಳ ಗುಂಪುಗಳು ಹಂತಹಂತವಾಗಿ ಕಿರಿದಾಗುತ್ತಾ ಹೋಗುತ್ತವೆ. ಎಲ್ಲಿಯವರೆಗೆ ಮೂರು ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೋ ಅಲ್ಲಿಗೆ ಯಂತ್ರದ ಮಿತಿ. ಪಟವನ್ನು ಗಾಜಿನ ಮೇಲೆ ನೇರ ಇಟ್ಟಾಗ ನನ್ನ ಸ್ಕ್ಯಾನರ್ ನಡುಭಾಗದಲ್ಲಿ ನಾಲ್ಕನೇ ಗುಂಪಿನ ಆರನೇ ಹಂತದವರೆಗೆ ಬಿಡಿಸಿತು. ಅಂದರೆ ಒಂದು ಮಿಲಿಮೀಟರ್‌ನಲ್ಲಿ 28.5 ಜೋಡಿ ಗೆರೆ. ಒಂದು ಕಪ್ಪು, ಒಂದು ಬಿಳಿ ಸೇರಿ ಒಂದು ಜೋಡಿ. ಒಂದು ಜೋಡಿಗೆ ಕಡಿಮೆ ಎಂದರೂ ಎರಡು ಪಿಕ್ಸೆಲ್ ಬೇಕು. ಆ ಲೆಕ್ಕದಲ್ಲಿ ಇದು ಸುಮಾರು 1450 ಡಿಪಿಐ. ಪೆಟ್ಟಿಗೆಯ ಮೇಲೆ ಬರೆದದ್ದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಪೆಟ್ಟಿಗೆಯ ಮೇಲಿನದು ಸುಳ್ಳು ಅಂತ ಹೇಳುತ್ತಿಲ್ಲ. ಅದು ಸೆನ್ಸರ್ ಅಂಗುಲಕ್ಕೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ. ಅಳೆಯುವ ಜಾಗಕ್ಕೆ ಲೆನ್ಸ್ ಏನು ತಂದುಕೊಡುತ್ತದೆ ಅನ್ನುವುದು ಬೇರೆಯೇ ವಿಷಯ. 4800 ಡಿಪಿಐ ಅಂದರೆ ಹಾಳೆಯ ಮೇಲೆ ಒಂದು ಪಿಕ್ಸೆಲ್‌ಗೆ ಸಿಗುವ ಜಾಗ 5.3 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ಬೆಳಕು ಅಲೆ. ಹಾಗಾಗಿ ಎಂಥ ಒಳ್ಳೆಯ ಲೆನ್ಸ್ ಆದರೂ ಒಂದು ಚುಕ್ಕೆಯನ್ನು ಚುಕ್ಕೆಯಾಗಿಯೇ ಮೂಡಿಸಲಾರದು. ಅದು ಒಂದು ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಲೆನ್ಸ್‌ನ ತೆರಪು, ಅಂದರೆ ಬೆಳಕು ಒಳಬರುವ ಬಾಯಿ, ಎಫ್ 5.6 ಇದ್ದರೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ), ಹಸಿರು ಬೆಳಕಿಗೆ ಆ ಬಿಲ್ಲೆಯ ಅಗಲ ಸುಮಾರು 7.5 ಮೈಕ್ರಾನ್. ಇದು ಸೆನ್ಸರ್ ಮೇಲಿನ ಅಳತೆ. ಹಾಳೆಯನ್ನು ಐದು ಪಟ್ಟು ಕುಗ್ಗಿಸಿ ಸೆನ್ಸರ್ ಮೇಲೆ ಕೂರಿಸಿದ್ದರೆ, ಅದೇ ಬಿಲ್ಲೆ ಹಾಳೆಯ ಮೇಲೆ ಸುಮಾರು 37 ಮೈಕ್ರಾನ್ ಆಯಿತು. ಅಷ್ಟು ಅಗಲದ ಕುಂಚದಿಂದ 5 ಮೈಕ್ರಾನಿನ ಗೆರೆ ಎಳೆಯುವುದು ಹೇಗೆ?

ಹಾಗಾದರೆ ಲೆನ್ಸ್‌ನ ಬಾಯಿ ಇನ್ನೂ ಅಗಲಿಸಬಹುದಲ್ಲ ಅನ್ನಿಸುತ್ತದೆ. ಅಗಲಿಸಿದರೆ ಬಿಲ್ಲೆ ಚಿಕ್ಕದಾಗುವುದು ನಿಜ. ಆದರೆ ಫೋಕಸ್ ಹಿಡಿಯುವ ಆಳ ಕಡಿಮೆಯಾಗುತ್ತದೆ. ಹಾಳೆ ಸ್ವಲ್ಪ ಉಬ್ಬಿದರೂ ಮಸುಕು. ಲೆನ್ಸ್‌ನ ಅಂಚಿನಿಂದ ಬರುವ ಬೆಳಕು ನಡುವಿನ ಬೆಳಕು ಸೇರುವ ಜಾಗಕ್ಕೇ ಬಂದು ಸೇರುವಂತೆ ಮಾಡಲು ಇನ್ನಷ್ಟು ಗಾಜಿನ ತುಂಡುಗಳು ಬೇಕು. ತೂಕ, ಖರ್ಚು ಎರಡೂ ಏರುತ್ತವೆ. ಸ್ಕ್ಯಾನರ್ ವಿನ್ಯಾಸ ಮಾಡುವವರ ಕಷ್ಟವೆಲ್ಲ ಇರುವುದು ಇಲ್ಲೇ. ಇದು ತಿಳಿದ ಮೇಲೆ ನನಗೆ ಅವರ ಮೇಲೆ ಗೌರವ ಜಾಸ್ತಿಯೇ ಆಯಿತು.

ಇನ್ನೊಂದು ಉಪಾಯವೂ ಬಳಕೆಯಲ್ಲಿದೆ. ಸೆನ್ಸರ್‌ನಲ್ಲಿ ಎರಡು ಸಾಲು ಪಿಕ್ಸೆಲ್ ಇಟ್ಟು, ಒಂದನ್ನು ಇನ್ನೊಂದಕ್ಕಿಂತ ಅರ್ಧ ಪಿಕ್ಸೆಲ್ ಸರಿಸುತ್ತಾರೆ. ಆಗ ಅಳತೆಯ ಸಂಖ್ಯೆ ಎರಡು ಪಟ್ಟಾಗುತ್ತದೆ. ಇದರಿಂದ ಸ್ವಲ್ಪ ಲಾಭ ಇದೆ. ಓರೆ ಗೆರೆಗಳ ಮೆಟ್ಟಿಲು ಕಡಿಮೆಯಾಗುತ್ತದೆ. ಆದರೆ ಪ್ರತಿ ಪಿಕ್ಸೆಲ್‌ನ ಅಗಲ ಮೊದಲಿನಷ್ಟೇ. ಪಕ್ಕದ್ದರ ಮೇಲೆ ಅರ್ಧ ಹತ್ತಿಕೊಂಡೇ ಅಳೆಯುತ್ತದೆ. ಹಾಗಾಗಿ ಸ್ಪಷ್ಟತೆ ಎರಡು ಪಟ್ಟಾಗುವುದಿಲ್ಲ.

ಲೆನ್ಸ್ ಕಡೆಯಿಂದಲೇ ಸಮಸ್ಯೆಗೆ ಕೈ ಹಾಕಿದ ಉದಾಹರಣೆ ಎಪ್ಸನ್ ಪರ್ಫೆಕ್ಷನ್ ವಿ850 ಸ್ಕ್ಯಾನರ್. ಅದರಲ್ಲಿ ಎರಡು ಲೆನ್ಸ್ ಇವೆ. ಒಂದು 4800 ಡಿಪಿಐಗೆ, ಇನ್ನೊಂದು ಹೋಲ್ಡರ್‌ನಲ್ಲಿ ಇಟ್ಟ ಫಿಲ್ಮ್‌ಗಾಗಿ 6400 ಡಿಪಿಐಗೆ. ಗಾಜಿನ ಹಾಸಿನ ಪೂರ್ತಿ ಅಗಲವನ್ನು ನೋಡುವ ಹೊರೆ ಇಳಿದರೆ ಲೆನ್ಸ್ ಹೆಚ್ಚು ವಿವರ ಹಿಡಿಯಬಲ್ಲದು. ನನ್ನ ಯಂತ್ರದಲ್ಲಿ ಇರುವುದು ಒಂದೇ ಲೆನ್ಸ್. ಎಲ್ಲ ಕೆಲಸವೂ ಅದರದ್ದೇ.

ನನಗೆ ಅತಿ ಹೆಚ್ಚು ಪ್ರಯೋಜನವಾದ ವಿಷಯ ಇನ್ನು ಮುಂದಿದೆ. ಒಂದು ಅಳತೆಪಟ್ಟಿಯನ್ನು ಗಾಜಿನ ಮೇಲೆ ಇಳಿಜಾರಾಗಿ ಇಟ್ಟೆ. ಒಂದು ತುದಿ ಗಾಜಿಗೆ ತಾಗಿತ್ತು. ಇನ್ನೊಂದು ತುದಿಯ ಕೆಳಗೆ ನಾಣ್ಯ ಇಟ್ಟು 4 ಮಿಲಿಮೀಟರ್ ಎತ್ತರಿಸಿದ್ದೆ. ಸ್ಕ್ಯಾನ್ ಮಾಡಿ ಎಲ್ಲಿ ಗೆರೆ ಹೆಚ್ಚು ಚೂಪಾಗಿದೆ ಎಂದು ನೋಡಿದೆ. ಗಾಜಿಗೆ ತಾಗಿದ ಜಾಗ ಚೂಪಾಗಿರಬೇಕು, ಅಲ್ವಾ? ಇರಲಿಲ್ಲ. ಗಾಜಿನಿಂದ ಸುಮಾರು 1 ಮಿಲಿಮೀಟರ್ ಮೇಲೆ ಇತ್ತು. ನನ್ನ ಯಂತ್ರದ ಫೋಕಸ್ ಸ್ಥಿರವಾದದ್ದು, ಬದಲಿಸಲು ಬರುವುದಿಲ್ಲ. ಅದನ್ನು ಜೋಡಿಸುವಾಗಲೇ ಒಂದು ಮಿಲಿಮೀಟರ್ ತಪ್ಪಿದೆ. 300 ಡಿಪಿಐನಲ್ಲಿ ಹಾಳೆ ಸ್ಕ್ಯಾನ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಫೋಟೊ ಮಾಡುವವರಿಗೆ ಇದೇ ದೊಡ್ಡ ನಷ್ಟ.

0.3 ಮಿಲಿಮೀಟರ್ ದಪ್ಪದ ರಟ್ಟನ್ನು ಮೂರು ಪದರ ಅಂಟಿಸಿ, ನಡುವೆ ಕಿಟಕಿ ಕತ್ತರಿಸಿ ಒಂದು ಚೌಕಟ್ಟು ಮಾಡಿದೆ. ಫೋಟೊದ ಅಂಚು ಮಾತ್ರ ಅದರ ಮೇಲೆ ಕೂರುತ್ತದೆ, ನಡುಭಾಗ ಗಾಜಿನಿಂದ ಮೇಲೆ ನಿಲ್ಲುತ್ತದೆ. ಪರೀಕ್ಷಾ ಪಟವನ್ನು ಹಾಗೇ ಇಟ್ಟು ಮತ್ತೆ ಅಳೆದೆ. ಐದನೇ ಗುಂಪಿನ ಮೂರನೇ ಹಂತ! ಮಿಲಿಮೀಟರ್‌ಗೆ 40.3 ಜೋಡಿ. ಅಂದರೆ ಸುಮಾರು 2050 ಡಿಪಿಐ. ಮೂರು ಪದರ ರಟ್ಟಿನಿಂದ ಇಷ್ಟು. ಆ ಗುಂಪು ಫೋಟೊದ ಹಲಗೆಯನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಎರಡು ಸಾಲಿನಲ್ಲಿ ಮೇಲಿನ ಸಾಲು ಓದಲು ಬಂತು. ಅದರಲ್ಲಿ ಇಸವಿ ಇತ್ತು. ಆ ಸಂಜೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಒಂದು ಎಚ್ಚರಿಕೆ. ಈ ಪರೀಕ್ಷೆ ಮಾಡುವಾಗ ಸ್ಕ್ಯಾನರ್ ತಂತ್ರಾಂಶದ ಶಾರ್ಪನಿಂಗ್ (ಚಿತ್ರ ಚೂಪುಗೊಳಿಸುವ ಆಯ್ಕೆ) ಪೂರ್ತಿ ತೆಗೆದುಬಿಡಿ. ಅದು ಅಂಚಿನ ಸುತ್ತ ಬಿಳಿ ಪಟ್ಟೆ ಹಾಕಿ ಚೂಪಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಇಲ್ಲದ ವಿವರ ಅದರಿಂದ ಬರುವುದಿಲ್ಲ.

ನಡುವೆ ಎರಡು ವರ್ಷ ಸಿಐಎಸ್ ಎಂಬ ಇನ್ನೊಂದು ಬಗೆಯ ಸೆನ್ಸರ್ ಇರುವ ತೆಳು ಸ್ಕ್ಯಾನರ್ ಕೂಡ ಬಳಸಿದೆ. ಅದರಲ್ಲಿ ಕನ್ನಡಿ ಇಲ್ಲ, ಕುಗ್ಗಿಸುವ ಲೆನ್ಸ್ ಇಲ್ಲ. ಹಾಳೆಯಷ್ಟೇ ಅಗಲದ ಸೆನ್ಸರ್. ಅದರ ಮೇಲೆ ಕಡ್ಡಿಯಂಥ ನೂರಾರು ಪುಟ್ಟ ಲೆನ್ಸ್‌ಗಳ ಸಾಲು. ಇದ್ದದ್ದನ್ನು ಇದ್ದ ಗಾತ್ರದಲ್ಲೇ ಅವು ಸೆನ್ಸರ್ ಮೇಲೆ ಇಳಿಸುತ್ತವೆ. ನಿಜ ಹೇಳಬೇಕೆಂದರೆ, ಸಪಾಟಾದ ಹಾಳೆಗೆ 600 ಡಿಪಿಐನಲ್ಲಿ ಅದು ನನ್ನ ದೊಡ್ಡ ಯಂತ್ರಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಎಡ ಬಲ ಅಂಚಿನಲ್ಲೂ ಅಕ್ಷರ ನಡುವಿನಷ್ಟೇ ಚೂಪು. ಆದರೆ ಹಾಳೆ ಗಾಜಿನಿಂದ ಸ್ವಲ್ಪ ಎದ್ದರೆ ಮುಗಿಯಿತು. ದಪ್ಪ ಪುಸ್ತಕದ ಹೊಲಿಗೆಯ ಹತ್ತಿರದ ಅಕ್ಷರಗಳು ಮಸುಕಾಗಿ, ಕತ್ತಲಾಗಿ ಹೋಗುತ್ತಿದ್ದವು. ಮಡಿಕೆ ಬಿದ್ದ ಕಾಗದಗಳದ್ದೂ ಅದೇ ಕಥೆ. ಸಿಸಿಡಿ ಯಂತ್ರದಲ್ಲಿ ಅದೇ ಪುಟದ ಹೊಲಿಗೆಯ ಪಕ್ಕದ ಅಕ್ಷರ ಬಾಗಿ ಕಂಡರೂ ಓದಲು ಬರುತ್ತಿತ್ತು. ಹಳೆಯ ಪುಸ್ತಕ, ಸುಕ್ಕಾದ ಪತ್ರ ಜಾಸ್ತಿ ಇರುವವರು ಸಿಸಿಡಿಯನ್ನೇ ತೆಗೆದುಕೊಳ್ಳಿ. ಬಿಡಿ ಹಾಳೆಗಳೇ ಇದ್ದರೆ ಸಿಐಎಸ್ ಸಾಕು.

ಅಂಚಿನ ಮಾತು ಬಂತು. ನನ್ನ ಯಂತ್ರದಲ್ಲಿ ಹಾಸಿನ ಎರಡೂ ಬದಿಯ ಕೊನೆಯ ಎರಡು ಸೆಂಟಿಮೀಟರ್‌ನಲ್ಲಿ ಕಪ್ಪು ಅಕ್ಷರಕ್ಕೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಎಳೆ ಕಾಣುತ್ತದೆ. ಲೆನ್ಸ್ ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಗಾತ್ರಕ್ಕೆ ಕುಗ್ಗಿಸುವುದರಿಂದ ಹೀಗಾಗುತ್ತದೆ. ಗಾಡಿ ಓಡುವ ದಿಕ್ಕಿನಲ್ಲಿ ಬಣ್ಣದ ಎಳೆ ಕಂಡರೆ ಕಾರಣ ಬೇರೆ. ಕೆಂಪು, ಹಸಿರು, ನೀಲಿ ಸೆನ್ಸರ್ ಸಾಲುಗಳು ಒಂದರ ಹಿಂದೆ ಒಂದಿರುತ್ತವೆ. ಗಾಡಿ ಅಲುಗಿದರೆ ಮೂರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಒಮ್ಮೆ ಅದೇ ಮೇಜಿನ ಮೇಲೆ ಪ್ರಿಂಟರ್ ಓಡುತ್ತಿದ್ದಾಗ ಸ್ಕ್ಯಾನ್ ಮಾಡಿ ಇದನ್ನು ಕಂಡೆ. ಪ್ರಿಂಟರ್ ಬೇರೆ ಕಡೆ ಇಟ್ಟ ಮೇಲೆ ಹೋಯಿತು. ಲೆನ್ಸ್‌ನ ದೋಷ ಹೋಗುವುದಿಲ್ಲ. ಮುಖ್ಯವಾದುದನ್ನು ಹಾಸಿನ ನಡುವೆ ಇಡುವುದೊಂದೇ ದಾರಿ.

ಮೂರನೇ ವರ್ಷ ಚಿತ್ರಗಳಲ್ಲಿ ಕಪ್ಪು ಬಣ್ಣ ಬೂದು ಬಣ್ಣವಾಗತೊಡಗಿತು. ಗಾಜಿನ ಒಳಮೈಗೆ ತೆಳ್ಳನೆಯ ಮಬ್ಬು ಪದರ ಹಿಡಿದಿತ್ತು. ಒಳಗಿನ ಪ್ಲಾಸ್ಟಿಕ್, ಎಣ್ಣೆಗಳಿಂದ ಬರುವ ಆವಿ ಹೀಗೆ ಕೂರುತ್ತದೆ. ಮುಚ್ಚಳ ಬಿಚ್ಚಿ, ಮೆತ್ತನೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದೆ. ಕಪ್ಪು ಮತ್ತೆ ಕಪ್ಪಾಯಿತು. ಕನ್ನಡಿಗಳನ್ನು ಮಾತ್ರ ಒರೆಸಬೇಡಿ. ಅವುಗಳ ಲೇಪನ ಮುಂದಿನ ಮೈಮೇಲೇ ಇರುತ್ತದೆ, ಗೀರು ಬೀಳುತ್ತದೆ. ಗಾಳಿ ಊದುವ ರಬ್ಬರ್ ಬುರುಡೆ ಸಾಕು. ಪುಟದ ಉದ್ದಕ್ಕೂ ಒಂದೇ ನೇರ ಗೆರೆ ಬರತೊಡಗಿದರೆ, ಹಾಸಿನ ಆರಂಭದ ಚೌಕಟ್ಟಿನ ಕೆಳಗಿರುವ ಬಿಳಿ ಪಟ್ಟಿಯ ಕಡೆ ನೋಡಿ. ಸ್ಕ್ಯಾನರ್ ಪ್ರತಿ ಸಲ ಆ ಪಟ್ಟಿಯನ್ನು ನೋಡಿಯೇ ಬಿಳಿ ಯಾವುದು ಎಂದು ತಿಳಿದುಕೊಳ್ಳುತ್ತದೆ. ಅಲ್ಲಿ ಒಂದು ಧೂಳಿನ ಕಣ ಕೂತರೆ ಪುಟದುದ್ದಕ್ಕೂ ಗೆರೆ. ಇದು ತಿಳಿಯದೆ ಹೊರಗಿನ ಗಾಜನ್ನು ಸುಮ್ನೆ ಎಷ್ಟೋ ಸಲ ಒರೆಸಿದ್ದೇನೆ.

ಈಗ ನನ್ನ ಅಭ್ಯಾಸ ಹೀಗಿದೆ. ಸಾಮಾನ್ಯ ಹಾಳೆಗೆ 300. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವ ಕನ್ನಡ ಪುಟಕ್ಕೆ 600, ಯಾಕೆಂದರೆ ಸಣ್ಣ ಅಚ್ಚಿನ ಒತ್ತಕ್ಷರಗಳು 300ರಲ್ಲಿ ಒಂದಕ್ಕೊಂದು ಅಂಟಿಕೊಂಡು ಗುರುತೇ ಸಿಗುವುದಿಲ್ಲ. ದೊಡ್ಡ ಫೋಟೊಗಳಿಗೆ 1200. ಚಿಕ್ಕ ಫೋಟೊ, ಅದರಲ್ಲೂ ಹಿಂದೆ ಬರಹ ಕಾಣುವಂಥವಕ್ಕೆ ಚೌಕಟ್ಟಿನ ಮೇಲಿಟ್ಟು 2400. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಎ4 ಹಾಳೆಯೊಂದು 600ರಲ್ಲಿ ಸುಮಾರು 104 ಎಂಬಿ ಆಗುತ್ತದೆ. 4800ರಲ್ಲಿ 6.7 ಜಿಬಿ ಬೇಕು, ಸಿಗುವ ವಿವರ 2400ರಷ್ಟೇ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆರು ವರ್ಷದಲ್ಲಿ ಮೋಟಾರು ಒಮ್ಮೆಯೂ ಕೈಕೊಟ್ಟಿಲ್ಲ. ಬಣ್ಣ ಮೊದಲ ದಿನದಂತೆಯೇ ಇದೆ. ಒಂದು ಅಂಕ ಕಳೆದದ್ದು ಫೋಕಸ್‌ಗಾಗಿ. ಗಾಜಿನ ಮೇಲೆ ಸರಿಯಾಗಿ ಕೂರಿಸಿ ಕಳಿಸಿದ್ದರೆ, ಇಲ್ಲವೇ ಬದಲಿಸಲು ಒಂದು ತಿರುಪು ಕೊಟ್ಟಿದ್ದರೆ ಮೊದಲ ವರ್ಷದ ಇನ್ನೂರು ಫೋಟೊಗಳನ್ನು ನಾನು ಎರಡನೇ ಸಲ ಮಾಡಬೇಕಾಗಿರಲಿಲ್ಲ. ಅವುಗಳಲ್ಲಿ ನೂರ ಅರವತ್ತು ಮುಗಿದಿವೆ. ರಟ್ಟಿನ ಚೌಕಟ್ಟು ಸವೆದು ಹೋಗಿ ಮೊನ್ನೆ ತಾನೇ ಹೊಸದೊಂದು ಕತ್ತರಿಸಿದೆ.