ಮಲಮ್ಯೂಟಾ, ಹಸ್ಕಿನಾ? ಎರಡನ್ನೂ ಸಾಕುತ್ತಿರುವವರ ಮಾತು

ಅಲಾಸ್ಕನ್ ಮಲಮ್ಯೂಟ್ ಅಂದ್ರೆ ದೊಡ್ಡ ಸೈಜಿನ ಹಸ್ಕಿ ನಾಯಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಖಂಡಿತ ಅಲ್ಲ. ಅಮೆರಿಕದ ಮಿನಿಯಾಪೊಲಿಸ್‌ನ ನಮ್ಮ ಮನೆಯಲ್ಲಿ ಎರಡೂ ಇವೆ. ಮಲಮ್ಯೂಟ್ ಗುಂಡ, ಸೈಬೀರಿಯನ್ ಹಸ್ಕಿ ಬೆಳ್ಳಿ. ಒಂದು ಗಂಡು ಒಂದು ಹೆಣ್ಣು, ಅದೂ ಬೇಕಂತಲೇ, ಯಾಕಂದ್ರೆ ಮಲಮ್ಯೂಟ್‌ಗಳಿಗೆ ತಮ್ಮದೇ ಲಿಂಗದ ನಾಯಿ ಕಂಡರೆ ಆಗಿಬರುವುದು ಕಮ್ಮಿ.

ಮೊದಲು ಗಾತ್ರ. ಅಮೆರಿಕನ್ ಕೆನಲ್ ಕ್ಲಬ್ ಅಳತೆಯಲ್ಲಿ ಗಂಡು ಮಲಮ್ಯೂಟ್ ಭುಜದ ಹತ್ತಿರ 25 ಇಂಚು, ತೂಕ 85 ಪೌಂಡ್, ಅಂದ್ರೆ ಸುಮಾರು 39 ಕೆಜಿ. ಹೆಣ್ಣು ಹಸ್ಕಿ 35ರಿಂದ 50 ಪೌಂಡ್ ಅಷ್ಟೇ. ಅಡುಗೆಮನೆ ಕಟ್ಟೆ ಮೇಲಿನ ಚಪಾತಿ ತಗೊಳ್ಳೋಕೆ ಗುಂಡ ಹಾರಬೇಕಾಗಿಲ್ಲ, ಕತ್ತು ಚಾಚಿದರೆ ಸಾಕು. ಹಾಗಾಗಿ ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ಇರೋದು ಯಾವುದೂ ಕಟ್ಟೆ ಮೇಲೆ ಉಳಿಯುವ ಹಾಗಿಲ್ಲ. ಮೂರೂ ನಾಯಿಗೆ ವಿಷ, ನಮ್ಮ ಅಡುಗೆಯಲ್ಲೋ ಅವೇ ಜಾಸ್ತಿ.

ಸ್ವಭಾವ ಬೇರೆಯಾಗಿರೋದು ಅವು ಮಾಡಿಕೊಂಡು ಬಂದ ಕೆಲಸದಿಂದ. ಮಲಮ್ಯೂಟ್ ಅಲಾಸ್ಕಾದ ಕೊಟ್ಜೆಬ್ಯೂ ಸೌಂಡ್ ಕಡೆಯ ಇನುಪಿಯಾಟ್ ಜನರ ನಾಯಿ. ಭಾರ ಎಳೆಯೋದು, ನಿಧಾನವಾಗಿ, ದಿನವಿಡೀ. ಹಸ್ಕಿ ಸೈಬೀರಿಯಾದ ಚುಕ್ಚಿ ಜನರದ್ದು, ಹಗುರ ಹೊರೆ, ದೂರದ ದಾರಿ, ಒಳ್ಳೆ ವೇಗ. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಡಿಫ್ತೀರಿಯಾ ಔಷಧಿ ತಲುಪಿಸಿದ ಸ್ಲೆಡ್ (ನಾಯಿಗಳು ಹಿಮದ ಮೇಲೆ ಎಳೆಯುವ ಜಾರುಬಂಡಿ) ಓಟದಲ್ಲಿ ಲಿಯೊನಾರ್ಡ್ ಸೆಪ್ಪಾಲಾ ತಂಡವನ್ನು ಮುನ್ನಡೆಸಿದ ಟೋಗೋ ಸೈಬೀರಿಯನ್ ಹಸ್ಕಿಯೇ. ಈ ವ್ಯತ್ಯಾಸ ನನಗೆ ಹಗ್ಗ ಹಿಡಿದ ಕೈಯಲ್ಲೇ ಗೊತ್ತಾಗುತ್ತೆ. ಸ್ಕೀ ಹಾಕಿಕೊಂಡು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಬೆಳ್ಳಿ ಹಿಮದ ಮೇಲೆ ಹಾರಿಕೊಂಡೇ ಹೋಗ್ತಾಳೆ, ಅಳಿಲು ಕಂಡಾಗ 'ಆನ್ ಬೈ' (ಅದನ್ನು ಬಿಟ್ಟು ಮುಂದೆ ನಡಿ) ಅಂತ ಹೇಳಿದರೆ ಕಿವಿ ಮಾತ್ರ ಆ ಕಡೆ ತಿರುಗಿಸಿ ಮುಂದೆ ಓಡ್ತಾಳೆ. ಗುಂಡನಿಗೆ ಆ ಓಟ ಇಷ್ಟವಿಲ್ಲ. ಅವನಿಗೆ ಸ್ಲೆಡ್ಡಿನಲ್ಲಿ ಸೌದೆ ತುಂಬಿ ಕೊಡಬೇಕು, ತಲೆ ತಗ್ಗಿಸಿ, ಉಗುರು ಊರಿ, ಹೆಜ್ಜೆ ಹೆಜ್ಜೆಯಾಗಿ ಎಳೀತಾನೆ, ನಿಲ್ಲಿಸಿದರೇ ಬೇಜಾರು. ಆದರೆ ರಸ್ತೆಯಲ್ಲಿ ಬೇರೆ ನಾಯಿ ಕಂಡು ಅದೇ ಬಲ ಹಾಕಿದರೆ ಮಂಜುಗಡ್ಡೆ ಮೇಲೆ ನಿಮ್ಮನ್ನು ಬೀಳಿಸೋದು ಗ್ಯಾರಂಟಿ. ಮರಿ ಇದ್ದಾಗಲೇ ಹಗ್ಗ ಸಡಿಲ ಬಿಟ್ಟು ನಡೆಯೋದು ಕಲಿಸಿ, ಆಮೇಲೆ ಆಗಲ್ಲ.

ಮನೆಯೊಳಗೆ ಉಳಿಸಿಕೊಳ್ಳೋ ವಿಷಯದಲ್ಲಿ ಮಾತ್ರ ಹಸ್ಕಿಯೇ ಕಷ್ಟ. ಬೆಳ್ಳಿ ಬೇಲಿ ಕೆಳಗೆ ತೋಡ್ತಾಳೆ, ಗೇಟಿನ ಚಿಲಕ ಮೂತಿಯಲ್ಲಿ ಎತ್ತುತ್ತಾಳೆ. ಹೊರಗೆ ಹೋದರೆ ಕರೆದರೂ ಬರಲ್ಲ. ಬೇಲಿಯ ಬುಡದಲ್ಲಿ ಮಣ್ಣಿನೊಳಗೆ ತಂತಿ ಜಾಲರಿಯನ್ನು ಒಳಗಡೆಗೆ ಮಡಚಿ ಹೂತ ಮೇಲೆ ತೋಡೋದು ನಿಂತಿತು. ಗುಂಡನೂ ನೆಲ ತೋಡ್ತಾನೆ, ಆದರೆ ತಣ್ಣಗೆ ಮಲಗೋಕೆ.

ಕೂದಲು? ಎರಡಕ್ಕೂ ಎರಡು ಪದರ. ವರ್ಷಕ್ಕೆ ಎರಡು ಸಲದ ಹತ್ತಿರ ಒಳಪದರ ಪೂರ್ತಿ ಉದುರುತ್ತೆ. ಆಗ ಪ್ರತಿದಿನ ಹಿತ್ತಲಲ್ಲಿ ಕುಂಟೆಯಂಥ ಬಾಚಣಿಗೆಯಿಂದ ಬಾಚಬೇಕು. ಗುಂಡನ ಉಣ್ಣೆ ಬೆಳ್ಳಿಯದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬರುತ್ತೆ, ಹಕ್ಕಿಗಳು ಬಂದು ಗೂಡಿಗೆ ಹೊತ್ತುಕೊಂಡು ಹೋಗ್ತವೆ. ಬೇಸಿಗೆ ಅಂತ ಬೋಳಿಸಬೇಡಿ. ಆ ಕೂದಲು ಬಿಸಿಲನ್ನೂ ತಡೆಯುತ್ತೆ, ಕೆಲವಕ್ಕೆ ಬೋಳಿಸಿದ ಮೇಲೆ ಸರಿಯಾಗಿ ಬೆಳೆಯೋದೂ ಇಲ್ಲ.

ಊಟದಲ್ಲಿ ಬೆಳ್ಳಿ ಗೆದ್ದಳು. ಅಷ್ಟು ಓಡಿದರೂ ತಿನ್ನೋದು ಕಮ್ಮಿ.

ಇನ್ನು ಮುಂದೆ ಒಂದೇ ನಾಯಿ ಅಂದರೆ ನಾನು ಮಲಮ್ಯೂಟ್‌ನ್ನೇ ತರ್ತೀನಿ. ರಾತ್ರಿ ಕಾಲಿಗೆ ಒರಗಿ ಕೂತು 'ವೂ ವೂ' ಅಂತ ಮಾತಾಡೋ ಆ ಪ್ರೀತಿ ನನಗೆ ಬೇಕು. ದಿನಾ ಓಡೋ ಅಭ್ಯಾಸ, ಎತ್ತರದ ಬೇಲಿ ಎರಡೂ ಇರೋರು ಹಸ್ಕಿ ತನ್ನಿ. ಬೆಂಗಳೂರಿನ ಫ್ಲ್ಯಾಟಿಗೆ ಎರಡೂ ಬೇಡ. ಇಲ್ಲಿಯ ಜುಲೈ ಬಿಸಿಲಿಗೇ ಇವು ಬೆಳಗಿನ ಜಾವ ಬಿಟ್ಟರೆ ಹೊರಗೆ ಬರೋಕೆ ಒಪ್ಪಲ್ಲ, ಅಲ್ಲಿ ಏಪ್ರಿಲ್‌ನಲ್ಲಿ ಏನು ಮಾಡಬೇಕು ಪಾಪ?

ಮರಿ ನೋಡೋಕೆ ಹೋದಾಗ ತಾಯಿ ತಂದೆಯ ಸೊಂಟದ ಎಕ್ಸ್‌ರೇ ವರದಿ ಕೇಳಿ, ಮಲಮ್ಯೂಟ್‌ಗಂತೂ ಅದು ಬೇಕೇ ಬೇಕು. ಹಸ್ಕಿಯಾದರೆ ಕಣ್ಣಿನ ಪರೀಕ್ಷೆಯದ್ದನ್ನೂ ಕೇಳಿ, ಚಿಕ್ಕ ವಯಸ್ಸಿಗೇ ಪೊರೆ ಬರೋದು ಆ ತಳಿಯಲ್ಲಿದೆ. ವರದಿ ತೋರಿಸಲ್ಲ ಅಂದರೆ ಮರಿ ಎಷ್ಟೇ ಮುದ್ದಾಗಿದ್ದರೂ ವಾಪಸ್ ಬನ್ನಿ.